ನಾಲ್ಕನೆಯ ಸವಾಲು

ಹೋದ ತಿಂಗಳು ಚಿಕ್ಕೋಡಿಯಿಂದ ಏಕಸಂಬಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ನಾಲ್ಕೂವರೆ ವರ್ಷದ ಹಿಂದೆ ಆ ಊರಿನಲ್ಲಿ ಬಿಟ್ಟುಬಂದ ನೌಕರಿಯ ಪ್ರಮಾಣಪತ್ರವೊಂದು ಬೇಕಾಗಿತ್ತು. ಅದಿಲ್ಲದಿದ್ದರೆ ನಾನು ಮತ್ತೆ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಸಕ್ಕರೆ ಕಾರ್ಖಾನೆಯ ತಿರುವು ಹತ್ತಿರವಾದಂತೆ ಕಾಕಂಬಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ರಸದ ಹುಳಿ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಾರೆ. ನಾನೂ ಮೊದಲ ವರ್ಷ ಮುಚ್ಚಿದ್ದೆ. ಎರಡನೆಯ ವರ್ಷ ಅದಿಲ್ಲದೆ ಬೆಳಗಿನ ಚಹಾ ರುಚಿಸುತ್ತಿರಲಿಲ್ಲ.

ಬಸ್ಸಿನ ಮುಂದೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ನಮ್ಮ ಕಡೆಯ ಕಬ್ಬಿನ ಟ್ರ್ಯಾಕ್ಟರಿಗೆ ಬ್ರೇಕ್ ಇಲ್ಲದಿದ್ದರೂ ನಡೆದೀತು, ಹಾಡು ಇಲ್ಲದಿದ್ದರೆ ನಡೆಯದು. ಅದರಲ್ಲಿ ದಪ್ಪೆಂಬ ಚರ್ಮವಾದ್ಯದ ಬಡಿತವೊಂದು ಶುರುವಾಯಿತು. ದನಿ ಬರುವ ಮುಂಚೆಯೇ ನನಗೆ ಯಾವ ಹಾಡೆಂದು ತಿಳಿಯಿತು. ಕೈಯಲ್ಲಿದ್ದ ಟಿಕೀಟು ಮುದ್ದೆಯಾಗಿತ್ತು.

ಎರಡು ಸಾವಿರದ ಹದಿನಾಲ್ಕರ ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗಿನ ಒಂದು ವರ್ಷದ ಮಾತು ಇದು. ಆಗ ನಾನು ಏಕಸಂಬಿಯ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಗ್ರಂಥಾಲಯವೆಂದರೆ ಎರಡು ಕೋಣೆ, ಏಳು ಕಪಾಟು, ಒಂದು ಉದ್ದನೆಯ ಮೇಜು. ಪುಸ್ತಕ ಒಯ್ಯುವವರು ವಾರಕ್ಕೊಬ್ಬರು ಬಂದರೆ ಹೆಚ್ಚು. ಪೇಪರ್ ಓದುವ ಹಿರಿಯರು ಮಾತ್ರ ತಪ್ಪುತ್ತಿರಲಿಲ್ಲ. ಕನ್ನಡದ್ದೊಂದು, ಮರಾಠಿಯದೊಂದು ಪೇಪರನ್ನು ಹಾಳೆ ಹಾಳೆ ಹಂಚಿಕೊಂಡು ಓದಿ, ಸತ್ತವರ ಫೋಟೊ ನೋಡಿ, ಮೇಜಿನ ಮೇಲೆ ಚೆಲ್ಲಿ ಹೋಗುತ್ತಿದ್ದರು. ಅವನ್ನು ಪುಟದ ಪ್ರಕಾರ ಜೋಡಿಸಿ ಮಡಚುವುದೇ ನನ್ನ ದೊಡ್ಡ ಕೆಲಸ. ನಾನು ಮೂಲತಃ ಅಥಣಿ ತಾಲೂಕಿನ ತೆಲಸಂಗದವಳು. ನೀರಿಲ್ಲದ ಬಯಲಿನಿಂದ ಬಂದವಳಿಗೆ ಈ ಕಬ್ಬಿನ ಸೀಮೆಯ ಹಸಿರು ಮೊದಮೊದಲು ಸ್ವಲ್ಪ ಸೊಕ್ಕಿನದು ಅನ್ನಿಸುತ್ತಿತ್ತು.

ಮದುವೆಯಾಗಿ ನಾಲ್ಕು ವರ್ಷ ನಿಪ್ಪಾಣಿಯಲ್ಲಿದ್ದೆ. ಗಂಡ ಪುಣೆಯ ಕಡೆ ಕಂಪನಿ ಸೇರಿದ, ಅಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ, ನನ್ನನ್ನು ಬಿಟ್ಟ. ತವರಿನಲ್ಲಿ ಅಣ್ಣನ ಸಂಸಾರ ದೊಡ್ಡದಾಗಿತ್ತು. ಅವ್ವನ ತಮ್ಮ ಓಡಾಡಿ ಈ ಕೆಲಸ ಕೊಡಿಸಿದ. ಏಕಸಂಬಿಯಲ್ಲಿ ಕೇಳಿದವರಿಗೆಲ್ಲ, ಗಂಡ ಪುಣೆಯಲ್ಲಿ ಕಂಪನಿಯಲ್ಲಿದ್ದಾನೆ, ರಜೆ ಸಿಗುವುದಿಲ್ಲ ಎಂದು ಹೇಳಿದ್ದೆ. ಅದರಲ್ಲಿ ಅರ್ಧ ಸುಳ್ಳೇನೂ ಅಲ್ಲ. ಕೊರಳಲ್ಲಿ ತಾಳಿ ಇತ್ತು, ಅದರ ಬಲದ ಮೇಲೆ ಬಾಡಿಗೆ ಖೋಲಿ ಸಿಕ್ಕಿತ್ತು. ಗಂಡ ಬಿಟ್ಟ ಹೆಂಗಸು ಒಬ್ಬಳೇ ಇರುತ್ತಾಳೆಂದರೆ ಖೋಲಿ ಕೊಡುವವರು ಕಡಿಮೆ, ಬಾಗಿಲು ಬಡಿಯುವವರು ಹೆಚ್ಚು.

ಆ ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಬೇಸರದ ಕೆಲಸವೆಂದರೆ ಒಬ್ಬಳಿಗೆ ರೊಟ್ಟಿ ಬಡಿಯುವುದು. ಒಂದೇ ರೊಟ್ಟಿಗೆ ಹಿಟ್ಟು ನಾದುವುದಕ್ಕೆ ಮನಸ್ಸು ಬಾರದೆ ಎರಡು ಬಡಿದು, ಒಂದನ್ನು ಮರುದಿನ ತಿನ್ನುತ್ತಿದ್ದೆ. ಎಲ್ಲರೂ ಅಕ್ಕೋರ ಎನ್ನುತ್ತಿದ್ದರು. ನನ್ನ ಹೆಸರು ಹಿಡಿದು ಕರೆಯುವ ಒಂದು ಬಾಯಿ ಆ ಊರಿನಲ್ಲಿ ಇರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಮಾರುತಿ ಬಂದ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಹಾಲಿನ ಡೇರಿಯಲ್ಲಿ ಫ್ಯಾಟ್ ಅಳೆಯುವ ಕೆಲಸ. ಅಂಗಿಗೆ ಹಸಿ ಹಾಲಿನ ವಾಸನೆ. ಪುಸ್ತಕ ಬೇಕೇನೋ ಎಂದು ಕೇಳಿದರೆ, ಡೇರಿ ಅನ್ನುವುದಕ್ಕೆ ಜೋಡಿ ಶಬ್ದ ಬೇಕು ಎಂದ. ಸೇರಿ, ಮೀರಿ, ಜಾರಿ ಎಂದು ನಾನು ಸುಮ್ಮನೆ ಹೇಳಿದೆ. ಅವನು ಅಂಗೈ ಮೇಲೆ ಬರೆದುಕೊಂಡ. ಒಂದು ವಾರದಲ್ಲಿ ಆ ಹುಡುಗನ ಹಾಡು ಊರಿನ ಮೆಮೊರಿ ಕಾರ್ಡುಗಳಲ್ಲೆಲ್ಲ ತುಂಬಿತು. ರ‍್ಯಾಪ್ ಹಾಡುವವರ ರೀತಿಯಲ್ಲಿ ಎಂ.ಸಿ. ಕೊಯ್ತಾ ಎಂದು ಹೆಸರಿಟ್ಟುಕೊಂಡಿದ್ದ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕುಡುಗೋಲು.

‘ಹಾಲ ತಂದ್ಯೋ ಮಾವಾ, ಹಳ್ಳದ ನೀರ ತಂದ್ಯೋ, ಕ್ಯಾನ್ ತೊಳದ ನೀರಿಗೂ ಹೆಸರ ಹಚ್ಚಿ ಬಂದ್ಯೋ’ ಎನ್ನುವುದು ಅದರ ಪಲ್ಲವಿ. ಹಾಲಿಗೆ ನೀರು ಹಾಕುವವರೇ ಅದನ್ನು ಹೆಚ್ಚು ಕೇಳುತ್ತಿದ್ದರು. ಶ್ರಾವಣದ ಹೊತ್ತಿಗೆ ರಾಯಬಾಗದ ಮದುವೆ ಮನೆಯಲ್ಲಿ, ಅಥಣಿಯ ಚಪ್ಪಲಿ ಅಂಗಡಿಯಲ್ಲಿ, ಕಾಗವಾಡದ ನಾಕಾದಲ್ಲಿ ಕಾಯುವ ಲಾರಿಗಳಲ್ಲಿ ಅದೇ ಹಾಡು. ಎರಡನೆಯದು ನಮ್ಮ ಕೆಂಪು ಬಸ್ಸಿನ ಮೇಲೆ, ಮೂರನೆಯದು ಲೋಡ್‌ಶೆಡ್ಡಿಂಗ್ ಮೇಲೆ. ಮೂರೂ ಮೊದಲು ಗ್ರಂಥಾಲಯದ ಮೇಜಿನ ಮೇಲೆ ಹುಟ್ಟಿದವು. ಡೇರಿ ಮುಗಿಸಿ ಒಂಬತ್ತಕ್ಕೆ ಬರುತ್ತಿದ್ದ, ಮೇಜು ಬಡಿಯುತ್ತ ಹೇಳುತ್ತಿದ್ದ, ಪೇಪರ್ ಓದುವ ಹಿರಿಯರು ಕನ್ನಡಕದ ಮೇಲಿಂದ ನೋಡಿ ಗೊಣಗುತ್ತಿದ್ದರು. ಅವನ ಹಾಡನ್ನು ಮೊದಲು ಕೇಳುವವಳು ನಾನು. ಎಷ್ಟೋ ವರ್ಷದ ಮೇಲೆ ನಾನು ಒಂದಕ್ಕೆ ಮೊದಲಿಗಳಾಗಿದ್ದೆ. ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಹುಟ್ಟಿತ್ತು ಎಂದು ಹೇಳಿಕೊಳ್ಳಲು ನನಗೆ ಈಗ ಸಂಕೋಚವಿಲ್ಲ.

ನನಗೆ ಹಾಡಿನ ವಿದ್ಯೆ ಎಲ್ಲಿಂದ ಬಂತೆಂದರೆ ದೊಡ್ಡವ್ವನಿಂದ. ಅವ್ವನ ಅಕ್ಕ ನಮ್ಮ ಸೀಮೆಯಲ್ಲಿ ಹೆಸರಾದ ನಾಗೇಶಿ ಹಾಡುಗಾರ್ತಿ. ಹರದೇಶಿಯ ಗಂಡಸರು ಶಿವನೇ ದೊಡ್ಡವನೆಂದು ಹಾಡಿದರೆ, ನಾಗೇಶಿಯ ಹೆಂಗಸರು ಶಕ್ತಿಯೇ ದೊಡ್ಡವಳೆಂದು ಎದುರು ನಿಲ್ಲುತ್ತಾರೆ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಅದೇ ಧಾಟಿಯಲ್ಲಿ ಜವಾಬು ಕೊಡಬೇಕು. ಹಾಕಿದ ಸವಾಲಿಗೆ ಜವಾಬು ಬರದಿದ್ದರೆ ಸೋಲು. ಸೋತವರು ದಪ್ಪನ್ನು ನೆಲಕ್ಕಿಡುತ್ತಾರೆ. ದೊಡ್ಡವ್ವನ ಮೇಳದ ಪದ್ಧತಿಯೆಂದರೆ, ಗೆದ್ದವರೇ ಬಂದು ಆ ದಪ್ಪನ್ನು ಎತ್ತಿ ಸೋತವರ ಕೈಗೆ ಕೊಡಬೇಕು. ಆಮೇಲೆ ಇಬ್ಬರೂ ಕೂಡಿ ಮಂಗಳ ಹಾಡಬೇಕು. ಸಣ್ಣವಳಿದ್ದಾಗ ನಾನು ಅವಳ ಹಿಂದೆ ತಾಳ ಹಿಡಿದು ನಿಲ್ಲುತ್ತಿದ್ದೆ. ಈ ಹುಡುಗರ ರ‍್ಯಾಪ್ ಕೇಳಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಅಂಗಿ ಪ್ಯಾಂಟು ಬೇರೆ, ಜಗಳ ಅದೇ.

ಮಾರುತಿಗೆ ಇದೆಲ್ಲ ಹೇಳಿದೆ. ಸುಮ್ಮನೆ ಬೈದರೆ ಹಾಡಾಗುವುದಿಲ್ಲ, ಕಣ್ಣಿಗೆ ಕಾಣುವುದನ್ನು ಹೇಳಬೇಕು, ಎದುರಿನವನ ಬಾಯಿ ಕಟ್ಟುವಂಥ ಸವಾಲು ಹಾಕಬೇಕು ಎಂದೆಲ್ಲ ಪಾಠ ಮಾಡಿದೆ. ಇನ್ನೊಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡೆ.

ಗಣಪತಿ ಹಬ್ಬಕ್ಕೆ ನಿಪ್ಪಾಣಿಯಿಂದ ಒಂದು ಹಾಡು ಬಂತು. ಹಾಡಿದವನ ಹೆಸರು ಎಂ.ಸಿ. ಜರ್ದಾ. ತಂಬಾಕಿನ ಊರಿಗೆ ತಕ್ಕ ಹೆಸರು. ಅರ್ಧ ಕನ್ನಡ, ಅರ್ಧ ಮರಾಠಿ. ‘ಎಮ್ಮಿ ಬಾಲಾ ಹಿಡದಾಂವ ಮೈಕ್ ಹಿಡಿಯಾಕ ಬರಬ್ಯಾಡ, ತಂಬಾಕಿನ ಘಾಟಿಗೆ ಕೆಮ್ಮಿ ಕೆಮ್ಮಿ ಸಾಯಬ್ಯಾಡ’ ಎಂದು ಸೀದಾ ಮಾರುತಿಗೇ ತಿವಿದಿದ್ದ. ಮಾರುತಿ ಮೊಬೈಲನ್ನು ಮೇಜಿನ ಮೇಲಿಟ್ಟು ಕೇಳಿಸಿದ. ಅವನ ಮುಖ ಕೆಂಪಾಗಿತ್ತು. ನಾನು ಮಾತ್ರ ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬಂದಿತ್ತು.

ಆ ದನಿ ನನ್ನ ಮೈದುನ ಸಾಗರನದು. ನಿಪ್ಪಾಣಿಯ ಮನೆಯಲ್ಲಿ ನಾನು ಒಲೆ ಮುಂದೆ ಕೂತಿದ್ದರೆ, ಕಾಲೇಜಿನಿಂದ ಬಂದವನು ಮಣೆ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಿದ್ದ. ಹಿಟ್ಟು ನಾದುವ ಪರಾತ ಬಡಿಯುತ್ತ ಬಾಯಿಗೆ ಬಂದ ಸಾಲು ಕಟ್ಟುತ್ತಿದ್ದ. ಬಿಸಿ ಜೋಳದ ಭಕ್ರಿ ತಟ್ಟೆಗೆ ಬೀಳುವವರೆಗೆ ಆ ಗದ್ದಲ ನಿಲ್ಲುತ್ತಿರಲಿಲ್ಲ. ಆ ಮನೆಯಲ್ಲಿ ನನ್ನನ್ನು ಪ್ರೀತಿಯಿಂದ ವೈನಿ ಎಂದು ಕರೆದವನು ಅವನೊಬ್ಬನೇ. ಅತ್ತಿಗೆಗೆ ನಮ್ಮಲ್ಲಿ ಹಾಗೆ ಅನ್ನುತ್ತಾರೆ.

ಆ ಹೊತ್ತಿನ ಖುಷಿಯಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. “ಇಂವ ನನ್ನ ಮೈದುನ ಅದಾನೋ” ಎಂದುಬಿಟ್ಟೆ. ಆಮೇಲೆ ಮಾರುತಿ ಕೇಳಿದ, ನಾನು ಹೇಳಿದೆ. ಒಂದೇ ದಿನ ಅಲ್ಲ, ನವರಾತ್ರಿಯವರೆಗೆ ದಿನಕ್ಕಿಷ್ಟು. ಗಂಡ ಬಿಟ್ಟದ್ದು, ಅತ್ತೆ ಮನೆಯವರು ಸುಮ್ಮನಿದ್ದದ್ದು, ನಾನು ಒಂದು ಚೀಲ ಹಿಡಿದು ಬಂದದ್ದು. ಯಾರ ಮುಂದೂ ಹೇಳಬೇಡ ಎಂದೆ. ನಿಮ್ಮ ಆಣೆ ಎಂದ. ಒಂದೂವರೆ ವರ್ಷ ಯಾರಿಗೂ ಹೇಳದವಳು ಅವನಿಗೇಕೆ ಹೇಳಿದೆ ಎಂದು ಕೇಳಿದರೆ, ಅವನು ಕೇಳಿದ್ದರಿಂದ ಹೇಳಿದೆ. ಬೇರೆ ಯಾರೂ ಕೇಳಿರಲಿಲ್ಲ.

ದೀಪಾವಳಿ ಹೊತ್ತಿಗೆ ಕಾರ್ಖಾನೆಯ ಹೊಗೆ ಶುರುವಾಯಿತು. ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಹೊಲದ ಬದಿಗೆ ಗುಡಿಸಲು ಹಾಕಿದವು. ಅದರ ಜೊತೆಗೆ ಜಗಳವೂ ಕಾವೇರಿತು. ಕೊಯ್ತಾನದೊಂದು ಹಾಡು, ಹದಿನೈದು ದಿನಕ್ಕೆ ಜರ್ದಾನದೊಂದು. ಟ್ರ್ಯಾಕ್ಟರ್ ಡ್ರೈವರುಗಳಲ್ಲಿ ಎರಡು ಪಾರ್ಟಿ ಆದವು. ಐನಾಪುರದ ಸಂತೆಯಲ್ಲಿ ಎರಡು ಪಾರ್ಟಿಯವರು ಕಬ್ಬಿನ ಗಳ ಹಿಡಿದು ಬಡಿದಾಡಿಕೊಂಡರೆಂದೂ, ಆಮೇಲೆ ಅದೇ ಗಳ ಸುಲಿದು ಕೂಡಿ ತಿಂದರೆಂದೂ ಸುದ್ದಿ. ನನಗೆ ಎರಡು ಕಡೆಯ ಹಾಡೂ ಬೇಕು. ಮಾರುತಿ ಗೆದ್ದರೆ ನಾನು ಕಲಿಸಿದ್ದು ಗೆದ್ದಂತೆ, ಸಾಗರ ಗೆದ್ದರೆ ನನ್ನ ಒಲೆ ಮುಂದಿನ ಪರಾತ ಗೆದ್ದಂತೆ. ಖೋಲಿಯಲ್ಲಿ ಒಬ್ಬಳೇ ಕೂತು ಎರಡೂ ಕಡೆ ಭೇಷ್ ಎನ್ನುತ್ತಿದ್ದೆ.

ಡಿಸೆಂಬರಿನಲ್ಲಿ ಮಾರುತಿ ನಾಲ್ಕು ಸವಾಲಿನ ಹಾಡು ಬಿಟ್ಟ. ಅದನ್ನು ಮಾತ್ರ ನನ್ನ ಮೇಜಿಗೆ ತಂದಿರಲಿಲ್ಲ. ಸಂಜೆ ಗ್ರಂಥಾಲಯದ ಬೀಗ ಹಾಕುತ್ತಿದ್ದಾಗ, ಬಸ್ ಸ್ಟ್ಯಾಂಡಿನ ಕಡೆಗೆ ಹೋಗುತ್ತಿದ್ದ ಟ್ರ್ಯಾಕ್ಟರಿನಿಂದ ಮೊದಲ ಸಲ ಕೇಳಿದೆ. ಮೊದಲ ಸವಾಲು ಮೈಕು ಯಾರದು, ಎರಡನೆಯದು ಭಾಷೆ ಯಾವುದು, ಮೂರನೆಯದು ತಂಬಾಕಿನ ಹೊಲದಲ್ಲಿ ಎಂದಾದರೂ ಕೆಲಸ ಮಾಡಿದ್ದೀಯಾ ಎಂದು. ನಾಲ್ಕನೆಯದು ಹೀಗಿತ್ತು:

‘ನಾಕನೇ ಸವಾಲ ಕೇಳ ಜರ್ದಾ, ಬಾಯಿ ಮುಚ್ಚಬ್ಯಾಡ
ನಿಮ್ಮ ಮನಿ ವೈನಿ ಎಲ್ಲಿ, ಸುಳ್ಳ ಹೇಳಬ್ಯಾಡ
ಪುಸ್ತಕದ ಕಪಾಟ ನಡುವ ಒಬ್ಬಾಕಿ ಕುಂತಾಳ
ತಾಳಿ ಐತಿ, ಗಂಡ ಇಲ್ಲ, ದಿನಾ ಪೇಪರ್ ಮಡಚತಾಳ.’

ಬೀಗದ ಕೈ ಬೀಗದಲ್ಲೇ ಉಳಿಯಿತು. ಕೇಳಿದ ಕೂಡಲೇ ಆದದ್ದು ಸಿಟ್ಟಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ಎದೆಯಲ್ಲಿ ಏನೋ ಹಗುರಾಯಿತು. ನಿಮ್ಮ ಮನೆಯ ವೈನಿ ಎಲ್ಲಿ ಎಂದು ನನ್ನ ಅಣ್ಣ ಕೇಳಲಿಲ್ಲ, ಸೋದರಮಾವ ಕೇಳಲಿಲ್ಲ, ಮದುವೆಯ ಅಕ್ಷತೆ ಹಾಕಿದ ನೂರಾರು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಇವನು ಕೇಳಿದ್ದ. ಆಮೇಲೆ ಚಹಾದಂಗಡಿಯ ಮುಂದೆ ಕೂತವರು ನನ್ನ ಕಡೆ ತಿರುಗಿದರು. ಇವನು ಕೇಳಿದ್ದು ಟ್ರ್ಯಾಕ್ಟರಿನ ಮೇಲಿಂದ ಎಂಬುದು ಆಗ ನನಗೆ ಸರಿಯಾಗಿ ತಿಳಿಯಿತು.

ಮರುದಿನ ಒಂಬತ್ತಕ್ಕೆ ಬಂದ. ಅವನ ಮುಖದಲ್ಲಿ ಗೆದ್ದ ಕಳೆ ಇತ್ತು.

“ನಿಮಗ ಅನ್ಯಾಯ ಆಗಿತ್ತಲ್ರಿ ಅಕ್ಕೋರ. ಯಾರರ ಒಬ್ಬರು ಕೇಳಬೇಕಿತ್ತು. ನಾ ಕೇಳೀನಿ.”

“ನಾ ನಿನಗ ಹೇಳಿದ್ದೆ. ಊರಿಗೆ ಹೇಳಿರಲಿಲ್ಲ.”

“ಹೆಸರ ತಗೊಂಡಿಲ್ರಿ.”

“ದಿನಾ ಪೇಪರ್ ಮಡಚೋ ಹೆಂಗಸರು ಈ ಊರಾಗ ಎಷ್ಟ ಮಂದಿ ಅದಾರೋ?”

ಅವನು ನೆಲ ನೋಡಿದ. “ಕಣ್ಣಿಗೆ ಕಾಣೋದನ್ನ ಹೇಳು ಅಂದಿದ್ರಿಲ್ರಿ” ಎಂದ.

ಹೌದು, ಅಂದಿದ್ದೆ. ದೊಡ್ಡವ್ವ ನನಗೆ ಇನ್ನೊಂದನ್ನೂ ಕಲಿಸಿದ್ದಳು. ಸವಾಲಿನಲ್ಲಿ ಎದುರಿನವನ ಬುದ್ಧಿಗೆ ಹೊಡಿ, ಬಾಯಿಗೆ ಹೊಡಿ, ಅವನ ದೇವರಿಗೂ ಹೊಡಿ, ಅವನ ಮನೆಯ ಹೆಣ್ಣುಮಕ್ಕಳ ಸುದ್ದಿಗೆ ಮಾತ್ರ ಹೋಗಬೇಡ ಎಂದು. ನಾನು ಕತ್ತಿ ಹಿಡಿಯುವುದನ್ನು ಕಲಿಸಿ ಒರೆಯ ಸುದ್ದಿ ಬಿಟ್ಟಿದ್ದೆ. ಅವನಿಗೆ ಬೈಯಲು ಹೊರಟರೆ ಅರ್ಧ ಬೈಗಳು ನನಗೇ ಬಂದು ಬೀಳುತ್ತಿದ್ದವು. ಇನ್ನು ಮೇಲೆ ಬರಬೇಡ ಎಂದೆ. ಹೋದ.

ಊರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು, ನನ್ನ ನಾಲಿಗೆಯೂ ಕಡಿಮೆಯದಲ್ಲ. ಪೇಪರಿನ ಹಿರಿಯರು ಓದಿದ ಮೇಲೆ ತಾವೇ ಮಡಚಿ ಇಡಲು ಶುರುಮಾಡಿದರು. ಪಾಪ, ಮರ್ಯಾದೆಗೆಂದೇ ಮಾಡಿದ್ದು. ನನಗೆ ಮೇಜಿನ ಮುಂದೆ ಮಾಡಲು ಕೆಲಸವೇ ಇಲ್ಲದಾಯಿತು. ಅಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಸಂಜೆಯ ಮೇಲೆ ಖೋಲಿಯ ಮುಂದೆ ಬೈಕುಗಳು ನಿಧಾನವಾಗತೊಡಗಿದವು. ನಾನು ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿದೆ.

ಸಂಕ್ರಾಂತಿಗೆ ನಮ್ಮ ಕಡೆ ಹಳದಿ-ಕುಂಕುಮ ಇರುತ್ತದೆ. ಮುತ್ತೈದೆಯರನ್ನು ಮನೆಗೆ ಕರೆದು ಅರಿಷಿಣ ಕುಂಕುಮ ಹಚ್ಚಿ, ಎಳ್ಳು ಬೆಲ್ಲ ಕೊಟ್ಟು, ಸಣ್ಣ ಬಟ್ಟಲನ್ನೋ ಚಮಚೆಯನ್ನೋ ಉಡುಗೊರೆ ಕೊಡುತ್ತಾರೆ. ಮನೆಯ ಮಾಲಕಿ ಶಾಂತಕ್ಕ ಹಿಂದಿನ ವರ್ಷ ನನ್ನ ಹಣೆಗೆ ಎಷ್ಟು ಕುಂಕುಮ ಹಚ್ಚಿದ್ದಳೆಂದರೆ ಅರ್ಧ ಮೂಗಿನ ಮೇಲೆ ಉದುರಿತ್ತು. ಈ ವರ್ಷವೂ ಕರೆದಳು, ಕರೆಯದೆ ಇರಲಿಲ್ಲ. ಸಾಲಾಗಿ ಹದಿನೈದು ಹೆಂಗಸರು ಕೂತಿದ್ದರು. ಶಾಂತಕ್ಕ ಒಬ್ಬೊಬ್ಬರಿಗೆ ಹಚ್ಚುತ್ತ ಬಂದು ನನ್ನ ಮುಂದೆ ನಿಂತಳು. ಬೆರಳಿನಲ್ಲಿ ಕುಂಕುಮ ಇತ್ತು. ಪಕ್ಕದವಳ ಮುಖ ನೋಡಿದಳು. ಆಮೇಲೆ ಭರಣಿಯನ್ನೇ ನನ್ನ ಕೈಗೆ ಕೊಟ್ಟಳು.

“ನೀವ ಹಚ್ಚಿಕೊಳ್ರಿ ಅಕ್ಕೋರ” ಎಂದಳು.

ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಪ್ಪಾದೀತೆಂಬ ಹೆದರಿಕೆ ಅಷ್ಟೆ. ನಾನು ಹಚ್ಚಿಕೊಂಡೆ, ಎಳ್ಳು ಬೆಲ್ಲ ತಿಂದೆ, ಬಟ್ಟಲು ತೆಗೆದುಕೊಂಡು ಮೆಟ್ಟಿಲು ಹತ್ತಿ ಬಂದೆ. ಖೋಲಿಯಲ್ಲಿ ಕನ್ನಡಿ ನೋಡಿದರೆ ಕುಂಕುಮ ಸೊಟ್ಟಗಿತ್ತು. ಅವತ್ತು ಅತ್ತಷ್ಟು ಗಂಡ ಬಿಟ್ಟ ದಿನವೂ ಅತ್ತಿರಲಿಲ್ಲ.

ಇಷ್ಟೆಲ್ಲ ಆದರೂ ನನ್ನ ನಿಜವಾದ ಹೆದರಿಕೆ ಬೇರೆಯೇ ಇತ್ತು. ಜರ್ದಾನ ಜವಾಬು ಇನ್ನೂ ಬಂದಿರಲಿಲ್ಲ. ನಾಲ್ಕನೆಯ ಸವಾಲಿಗೆ ಏನು ಹೇಳುತ್ತಾನೆ ಎಂದು ಐದು ತಾಲೂಕು ಕಾಯುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ನಾನು. ಯಾಕೆಂದರೆ ಮಾರುತಿಗೆ ನಾನು ಹೇಳದ ಒಂದು ಸಂಗತಿ ಸಾಗರನಿಗೆ ಗೊತ್ತಿತ್ತು.

ಗಂಡ ಕೊನೆಯ ಸಲ ಹೊರಟ ದಿನ ನಾನು ಅವನ ಹಿಂದೆ ನಿಪ್ಪಾಣಿ ಬಸ್ ಸ್ಟ್ಯಾಂಡಿಗೆ ಓಡಿದ್ದೆ. ಪುಣೆ ಬಸ್ಸಿನ ಬಾಗಿಲ ಮುಂದೆ ಅವನ ಕಾಲಿಗೆ ಬಿದ್ದೆ. ಎರಡೂ ಕಾಲು ಹಿಡಿದುಕೊಂಡಿದ್ದೆ. ಬೇಕಾದರೆ ಅವಳನ್ನೂ ಕರೆದುಕೊಂಡು ಬಾ, ನಾನು ಇಬ್ಬರಿಗೂ ಅಡುಗೆ ಮಾಡಿ ಹಾಕುತ್ತೇನೆ ಎಂದೆ. ಅವನು ಕಾಲು ಝಾಡಿಸಿ ಬಸ್ಸು ಹತ್ತಿದ. ನನ್ನ ಚಪ್ಪಲಿ ಉಂಗುಟ ಹರಿದು ಎಲ್ಲೋ ಹೋಗಿತ್ತು. ತಲೆ ಎತ್ತಿದರೆ ಸಾಗರ ನಿಂತಿದ್ದ, ಅಣ್ಣ ಮರೆತುಹೋದ ಬುತ್ತಿ ಕೊಡಲು ಬಂದವನು. ಎಲ್ಲ ನೋಡಿದ್ದ, ಎಲ್ಲ ಕೇಳಿದ್ದ. ತನ್ನ ಚಪ್ಪಲಿ ಬಿಟ್ಟು ನನ್ನ ಕಾಲ ಮುಂದಿಟ್ಟು, ಏಪ್ರಿಲ್ ತಿಂಗಳ ಡಾಂಬರಿನ ಮೇಲೆ ಬರಿಗಾಲಲ್ಲಿ ನನ್ನ ಜೊತೆ ಮನೆಯವರೆಗೆ ನಡೆದ. ಆ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ.

ಆದರೆ ಅದು ಆಗ. ಈಗ ಅವನು ಎಂ.ಸಿ. ಜರ್ದಾ. ಐದು ತಾಲೂಕಿನ ಮುಂದೆ ಅವನ ಮನೆಯ ಮರ್ಯಾದೆ ಕಳೆದಿದೆ, ಕಳೆಯಲು ಕಾರಣ ನಾನು. ನಿಮ್ಮ ಅಕ್ಕೋರು ನಮ್ಮ ಅಣ್ಣನ ಕಾಲು ಹಿಡಿದಿದ್ದಳು ಎಂದು ಒಂದು ಸಾಲು ಹಾಡಿದರೆ ಸಾಕು, ಮಾರುತಿಯ ಸವಾಲು ಮಣ್ಣುಪಾಲು. ಆ ಸಾಲಿಗೆ ಪ್ರಾಸವನ್ನೂ ನಾನೇ ನೂರು ಸಲ ಹುಡುಕಿದ್ದೆ. ಸಿಗುತ್ತಿತ್ತು, ಸುಲಭವಾಗಿ ಸಿಗುತ್ತಿತ್ತು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಾಡು ಕೇಳಿದರೆ ಎದ್ದು ಕಿಟಕಿ ಮುಚ್ಚುತ್ತಿದ್ದೆ.

ಶಿವರಾತ್ರಿಯಾದ ನಾಲ್ಕು ದಿನಕ್ಕೆ ಜವಾಬು ಬಂತು. ಬಿಸಿಲು ಆಗಲೇ ಹರಿತವಾಗಿತ್ತು, ಹೊಲದಲ್ಲಿ ಕೊನೆಯ ಕಬ್ಬು ನಿಂತಿತ್ತು. ನಾನು ಮಧ್ಯಾಹ್ನ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡು ಕೊಟ್ಟೆ. ಅಂಗಡಿಯವನು ನನ್ನ ಮುಖ ನೋಡದೆ ಹಾಡು ತುಂಬಿಕೊಟ್ಟ. ಗ್ರಂಥಾಲಯಕ್ಕೆ ಬಂದು ಒಳಗಿನಿಂದ ಚಿಲಕ ಹಾಕಿ, ಕಪಾಟುಗಳ ನಡುವೆ ನೆಲದ ಮೇಲೆ ಕೂತು ಕೇಳಿದೆ.

ಮೊದಲ ಸವಾಲಿಗೆ ಜವಾಬು ಕೊಟ್ಟ. ಎರಡನೆಯದಕ್ಕೆ ಕೊಟ್ಟ, ಮೊದಲಿನದಕ್ಕಿಂತ ಚೆನ್ನಾಗಿ. ಮೂರನೆಯದಕ್ಕೆ ಕೊಟ್ಟದ್ದು ಕೇಳಿ ಆ ಹೆದರಿಕೆಯಲ್ಲೂ ನನಗೆ ನಗು ಬಂತು. ನಾಲ್ಕನೆಯದು ಬರುವಾಗ ದನಿ ಕಡಿಮೆ ಮಾಡಿ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡಿದ್ದೆ. ದಪ್ಪಿನ ಬಡಿತ ಬಂತು. ಮಾತು ಬರಲಿಲ್ಲ. ಮೊಬೈಲ್ ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ, ದಪ್ಪು ಬಡಿಯುತ್ತಲೇ ಇತ್ತು. ಜವಾಬು ಇರಬೇಕಾದ ಜಾಗವೆಲ್ಲ ಖಾಲಿ. ಎಣಿಸಿದೆ, ಹದಿನಾರು ಪೆಟ್ಟು. ಹದಿನಾರರ ಮೇಲೆ ಸಾಗರನ ದನಿ ಮತ್ತೆ ಬಂತು. ‘ಜರ್ದಾನ ಮಾತ ಮುಗೀತು, ಶರಣ್ರಿ’ ಎಂದಿತು. ಹಾಡು ಮುಗಿಯಿತು.

ಮೂರು ಸಲ ಕೇಳಿದೆ. ಮೂರನೆಯ ಸಲ ಆ ಹದಿನಾರು ಪೆಟ್ಟಿನಲ್ಲಿ ಬಿಸಿ ಡಾಂಬರಿನ ಮೇಲೆ ನನ್ನ ಪಕ್ಕ ನಡೆದ ಬರಿಗಾಲು ಕಂಡಿತು. ಜಗತ್ತಿನಲ್ಲಿ ನನಗೆ ಯಾರೂ ಇಲ್ಲ ಎಂದು ತಿಳಿದಿದ್ದೆ. ಒಬ್ಬನಿದ್ದ, ನಾನು ಯಾರ ಮುಂದೆಯೂ ಹೇಳಿಕೊಳ್ಳಲಾರದಂಥ ಕಡೆ ಇದ್ದ.

ಊರು ನಕ್ಕಿತು. ಜರ್ದಾನ ಬಾಯಿ ಬಿದ್ದುಹೋಯಿತು, ಕೊಯ್ತಾ ಗೆದ್ದ ಎಂದಿತು. ಗುಲಾಲು ಎರಚಿಕೊಂಡು ಎಂಟು ಟ್ರ್ಯಾಕ್ಟರುಗಳ ಮೆರವಣಿಗೆ ಹೊರಟಿತು. ಮಿರಜಿನಿಂದ, ಜಯಸಿಂಗಪುರದಿಂದ ಮಾರುತಿಗೆ ಕಾರ್ಯಕ್ರಮಗಳು ಬಂದವು. ಮೆರವಣಿಗೆಯ ಮರುದಿನ, ಎರಡು ತಿಂಗಳ ಮೇಲೆ, ಅವನು ಗ್ರಂಥಾಲಯಕ್ಕೆ ಬಂದ. ಕಿವಿಯ ಹಿಂದೆ ಇನ್ನೂ ಗುಲಾಲಿತ್ತು, ಕೈಯಲ್ಲಿ ಪೇಡೆಯ ಡಬ್ಬಿ. ನಿಮಗೆ ಸಿಟ್ಟಿದೆಯೆಂದು ಗೊತ್ತು, ಆದರೆ ಕೊನೆಗೆ ನಿಮ್ಮ ನ್ಯಾಯವೇ ಗೆದ್ದಿತು ಎಂದ.

“ಅವನ ಕಡೆ ಜವಾಬ್ ಇರಲಿಲ್ರಿ ಅಕ್ಕೋರ.”

“ಇತ್ತೋ.”

“ಮತ್ತ ಯಾಕ ಕೊಡಲಿಲ್ಲ?”

ಅದನ್ನು ಹೇಳಬೇಕೆಂದರೆ ಬಸ್ ಸ್ಟ್ಯಾಂಡಿನ ಮಾತು ಹೇಳಬೇಕು. ಒಂದು ಸಲ ಹೇಳಿ ಸುಟ್ಟುಕೊಂಡ ಬಾಯಿ ತೆರೆಯಲಿಲ್ಲ. ದೊಡ್ಡವ್ವನ ಪದ್ಧತಿಯನ್ನಷ್ಟೇ ಹೇಳಿದೆ. ಗೆದ್ದಿದ್ದೀಯಲ್ಲ, ಹೋಗಿ ಅವನ ದಪ್ಪನ್ನು ಎತ್ತಿ ಅವನ ಕೈಗೆ ಕೊಡು, ಇಬ್ಬರೂ ಕೂಡಿ ಒಂದು ಹಾಡು ಮಾಡಿರಿ ಎಂದೆ. ಅವನು ನಕ್ಕು, ಅದೆಲ್ಲ ಹಳೆಯ ಕಾಲದ್ದು ಬಿಡಿ ಎಂದ. ಪೇಡೆ ಮುಂದೆ ಹಿಡಿದ. ನಾನು ತೆಗೆದುಕೊಂಡು ತಿಂದೆ. ಆ ಪೇಡೆ ತಿಂದದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಜರ್ದಾ ಆಮೇಲೆ ಹಾಡು ಬಿಡಲಿಲ್ಲ. ಸೋತವನ ಹೊಸ ಹಾಡನ್ನು ತುಂಬಿಸಿಕೊಳ್ಳುವವರು ಯಾರು. ಮೇ ತಿಂಗಳಲ್ಲಿ ನಾನು ಕೆಲಸ ಬಿಟ್ಟು ಅಥಣಿಗೆ ಬಂದೆ. ಖಾಸಗಿ ಶಾಲೆಯೊಂದರ ಪುಸ್ತಕಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ತಾಳಿ ತೆಗೆದಿಟ್ಟೆ, ಇಲ್ಲಿ ಯಾರೂ ಕೇಳಲಿಲ್ಲ. ನಿಪ್ಪಾಣಿಗೆ ಒಂದು ಸಲ ಹೋಗಬೇಕು, ಸಾಗರನನ್ನು ನೋಡಬೇಕು ಎಂದು ಪ್ರತಿ ರಜೆಯಲ್ಲೂ ಅಂದುಕೊಂಡೆ. ಹೋಗಿ ಏನು ಹೇಳಲಿ ಎಂದು ತಿಳಿಯದೆ ಹೋಗಲಿಲ್ಲ.

ಈಗ ಹೋದ ತಿಂಗಳ ಆ ಬಸ್ಸಿನಲ್ಲಿ, ಟ್ರ್ಯಾಕ್ಟರಿನ ಮೇಲೆ ಅದೇ ಜವಾಬು. ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿಯ ತುಟಿ ಹಾಡಿನ ಜೊತೆ ಅಲ್ಲಾಡುತ್ತಿತ್ತು. ಮೂರನೆಯ ಸವಾಲು ಮುಗಿಯಿತು. ಖಾಲಿ ಜಾಗ ಬಂತು. ಆಗ ಟ್ರ್ಯಾಕ್ಟರಿನ ಮೇಲೆ ಕೂತವರು ಬಾಯಿಗೆ ಕೈ ಇಟ್ಟು ಸಿಳ್ಳೆ ಹೊಡೆದರು. ಬಸ್ಸಿನ ಹಿಂದಿನ ಸೀಟಿನಿಂದಲೂ ಸಿಳ್ಳೆ ಬಂತು. ಇಷ್ಟು ವರ್ಷದಲ್ಲಿ ಅದೊಂದು ರೂಢಿಯೇ ಆಗಿಬಿಟ್ಟಿತ್ತು. ನಾನು ಅವಳನ್ನು ನೋಡಿದ್ದಕ್ಕೆ, ಪಾಪ ಇವರಿಗೆ ಗೊತ್ತಿಲ್ಲ ಎಂದುಕೊಂಡು, ಆ ಹುಡುಗಿ ನನಗೆ ತಿಳಿಸಿ ಹೇಳಿದಳು.

“ಇಲ್ಲೇ ಜರ್ದಾ ಸೋತಾನ್ರಿ ಆಂಟಿ. ಜವಾಬ್ ಸಿಗಲಿಲ್ಲ ಅವಗ.”

“ಅವಗ ಜವಾಬ್ ಗೊತ್ತಿತ್ತವಾ” ಎಂದೆ.

“ನಿಮಗ ಹೆಂಗ ಗೊತ್ತ್ರಿ?”

ಹಾಡಿನ ಗದ್ದಲಕ್ಕೆ ನಾನು ದನಿ ಏರಿಸಬೇಕಾಯಿತು. “ಆ ಹಾಡಿನ್ಯಾಗಿನ ವೈನಿ ನಾನ. ನಿಪ್ಪಾಣಿ ಬಸ್ ಸ್ಟ್ಯಾಂಡಿನ್ಯಾಗ ನಾ ಗಂಡನ ಕಾಲ ಹಿಡದು ಅತ್ತಿದ್ದೆ, ಅವ ನೋಡಿದ್ದ. ತನ್ನ ಚಪ್ಪಲ ನನಗ ಕೊಟ್ಟು ಬರಿಗಾಲಲೆ ಮನೀತನಕ ಬಂದ. ಅದೊಂದ ಮಾತ ಹಾಡಿದ್ರ ಗೆಲ್ತಿದ್ದ. ಹಾಡಲಿಲ್ಲ ನನ್ನ ಮೈದುನ.”

ಮಾತಿನ ನಡುವೆಯೇ ಟ್ರ್ಯಾಕ್ಟರ್ ಕಾರ್ಖಾನೆಯ ರಸ್ತೆಗೆ ತಿರುಗಿತ್ತು. ಹಾಡು ಅದರ ಜೊತೆ ಹೋಗಿತ್ತು. ನಾನದನ್ನು ಗಮನಿಸಿರಲಿಲ್ಲ, ಕೊನೆಯ ಮಾತುಗಳನ್ನು ಇಡೀ ಬಸ್ಸಿಗೆ ಕೂಗಿ ಹೇಳಿದಂತಾಯಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರ್ ಟಿಕೀಟು ಹರಿಯುವುದನ್ನು ನಿಲ್ಲಿಸಿದ. ಹುಡುಗಿ ನನ್ನ ಕೈ ಮುಟ್ಟಿದಳು.

ಹಿಂದಿನ ಸೀಟಿನಿಂದ ಸಿಳ್ಳೆ ಬರಲಿಲ್ಲ. ಯಾರೂ ಕೆಮ್ಮಲೂ ಇಲ್ಲ. ನಾನು ಮನಸ್ಸಿನಲ್ಲೇ ಎಣಿಸುತ್ತ ಹೋದೆ. ಹದಿನಾರು ದಾಟಿದ ಮೇಲೂ ಬಸ್ಸು ಸುಮ್ಮನೇ ಇತ್ತು.